ಹಸಿರು ಹಾಳೆಯ ಬಿ ಫಾರ್ಮ್

ಚಳಿಗೆ ಬಾಲ್‌ಪೆನ್ನು ಕೈಕೊಡುತ್ತದೆ ಅಂತ ನನಗೆ ಗೊತ್ತಾಗಿದ್ದು ನ್ಯೂಯಾರ್ಕಿಗೆ ಬಂದು ಹದಿನೆಂಟು ವರ್ಷವಾದ ಮೇಲೆ. 2025ರ ಮಾರ್ಚ್ ಮೊದಲ ವಾರ. ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್, 74ನೇ ಬೀದಿಯ ಮೂಲೆ. ತಲೆಯ ಮೇಲೆ 7ನೇ ನಂಬರಿನ ರೈಲು ಗಡಗಡ ಸದ್ದು ಮಾಡಿಕೊಂಡು ಹೋಗುತ್ತಿತ್ತು. ನನ್ನ ಒಂದು ಕೈಯಲ್ಲಿ ಕ್ಲಿಪ್‌ಬೋರ್ಡ್, ಅದರಲ್ಲಿ ಹಸಿರು ಹಾಳೆಗಳು. ಇನ್ನೊಂದು ಕೈಯಲ್ಲಿ ನಾಲ್ಕು ಪೆನ್ನು. ಒಂದು ನಿಂತುಹೋದರೆ ಅದನ್ನು ಕೋಟಿನೊಳಗೆ ಕಾಯಲು ಬಿಟ್ಟು ಇನ್ನೊಂದು ತೆಗೆಯುವುದು.

ಹೋಗಿಬರುವವರನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಒಂದೇ. "ನೀವು ರಿಜಿಸ್ಟರ್ಡ್ ಡೆಮಾಕ್ರಟ್ಟಾ?"

ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ ಗುರುತು ಪರಿಚಯ ಇಲ್ಲದವರನ್ನು ತಡೆದು "ನೀವು ಯಾವ ಪಾರ್ಟಿ?" ಅಂತ ಕೇಳಿದರೆ "ನಿಂಗ್ಯಾಕಮ್ಮ ಅದು?" ಅನ್ನೋ ಉತ್ತರ ಗ್ಯಾರಂಟಿ. ಇಲ್ಲಿ ಅದು ಗುಟ್ಟಲ್ಲ. ಮತದಾರರ ಪಟ್ಟಿಗೆ ಹೆಸರು ಸೇರಿಸುವಾಗಲೇ ಪಾರ್ಟಿಯನ್ನೂ ಬರೆಸಬಹುದು. ಅದು ಪಟ್ಟಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನಿಸುವ ಪ್ರೈಮರಿಯಲ್ಲಿ ವೋಟು ಹಾಕುವವರು ಆ ಪಕ್ಷದಲ್ಲಿ ಹೆಸರು ಬರೆಸಿದವರು ಮಾತ್ರ. ಪಕ್ಷ ಬದಲಿಸಿ ಆ ವರ್ಷದ ಪ್ರೈಮರಿಗೆ ವೋಟು ಹಾಕಬೇಕೆಂದರೆ ಫೆಬ್ರವರಿ 14ರ ಒಳಗೆ ಬದಲಿಸಬೇಕು. ಹೌದು, ಪ್ರೇಮಿಗಳ ದಿನವೇ. ನಮ್ಮಲ್ಲಿ ಪಕ್ಷಾಂತರ ಶಾಸಕರ ಕೆಲಸ, ಅದಕ್ಕೆ ರೆಸಾರ್ಟ್ ಬೇಕು. ಇಲ್ಲಿ ಮತದಾರರೇ ಮನೆಯಲ್ಲಿ ಕೂತು ಮಾಡಿಕೊಳ್ಳುತ್ತಾರೆ.

ಈ ಹಸಿರು ಹಾಳೆ ಏನು ಅಂತ ನನ್ನ ತಮ್ಮನಿಗೆ ಫೋನಿನಲ್ಲಿ ವಿವರಿಸಲು ಒದ್ದಾಡಿದ್ದೆ. ಕೊನೆಗೆ ಹೊಳೆದ ಪದ ಬಿ ಫಾರ್ಮ್. ಅಲ್ಲಿ ಟಿಕೆಟ್ ಯಾರಿಗೆ ಅಂತ ಬೆಂಗಳೂರು, ದಿಲ್ಲಿ ನೋಡಿಕೊಳ್ಳುತ್ತವೆ. ಕೊನೆ ಗಳಿಗೆವರೆಗೂ ಬಿ ಫಾರ್ಮ್ ಯಾರ ಜೇಬಿನಲ್ಲಿದೆ ಅಂತಲೇ ಎಲ್ಲರೂ ನೋಡುತ್ತಿರುತ್ತಾರೆ. ಇಲ್ಲಿ ಬಿ ಫಾರ್ಮ್ ಬೀದಿಯಲ್ಲಿ ಸಿಗುತ್ತದೆ, ಒಂದೊಂದೇ ಸಹಿಯಾಗಿ. ಪ್ರೈಮರಿಯ ಮತಪತ್ರದಲ್ಲಿ ಹೆಸರು ಬರಬೇಕೆಂದರೆ ರಾಜ್ಯದ ಅಸೆಂಬ್ಲಿಗೆ ನಿಲ್ಲುವವರಿಗೆ 500 ಸಹಿ ಬೇಕು. ರಾಜ್ಯದ ಮೇಲ್ಮನೆಯಾದ ಸ್ಟೇಟ್ ಸೆನೆಟ್‌ಗೆ 1,000. ನಮ್ಮ ಲೋಕಸಭೆಯಂಥ ಕಾಂಗ್ರೆಸ್‌ಗೆ 1,250. ನಗರದ ಕೌನ್ಸಿಲ್‌ಗೆ 450, ಮೇಯರ್ ಆಗಬೇಕೆಂದರೆ 3,750. ಎಲ್ಲ ಸಹಿಯೂ ಅದೇ ಕ್ಷೇತ್ರದ, ಅದೇ ಪಕ್ಷದ ಮತದಾರರದ್ದೇ ಆಗಬೇಕು. ಸಿಗುವ ಸಮಯ 37 ದಿನ, ಫೆಬ್ರವರಿ ಕೊನೆಯಿಂದ ಏಪ್ರಿಲ್ ಶುರುವಿನವರೆಗೆ. ಈ ದಿನಗಳನ್ನು ಗೊತ್ತುಮಾಡಿದವರು ಯಾರೋ, ಅವರೊಮ್ಮೆ ಕ್ಲಿಪ್‌ಬೋರ್ಡ್ ಹಿಡಿದು ಈ ಮೂಲೆಯಲ್ಲಿ ನಿಲ್ಲಬೇಕಿತ್ತು.

"ಅದಕ್ಕೆ ದುಡ್ಡು ಕೊಡ್ತಾರಾ ಅಕ್ಕಾ?" ಅಂತ ತಮ್ಮ ಕೇಳಿದ. ದುಡ್ಡು ಕೊಟ್ಟು ಸಹಿ ಸಂಗ್ರಹಿಸುವವರೂ ಇದ್ದಾರೆ. ನಾನು ಮಾತ್ರ ವರ್ಷಕ್ಕೆ 20 ಡಾಲರ್ ಚಂದಾ ಕೊಟ್ಟು ಈ ಚಳಿಯಲ್ಲಿ ನಿಲ್ಲುವವಳು. ಅವನು ತುಂಬಾ ಹೊತ್ತು ನಕ್ಕ.

ನಾನು ನಮ್ಮ ಏರಿಯಾದ ಡೆಮಾಕ್ರಟಿಕ್ ಕ್ಲಬ್ಬಿಗೆ ಸೇರಿದ್ದು ರಾಜಕೀಯದ ಹುಚ್ಚಿನಿಂದಲ್ಲ. ದೀಪಾವಳಿಯಿಂದ. ಪ್ರತಿ ವರ್ಷ ಹಬ್ಬದ ದಿನ ಮಗಳನ್ನು ಮನೆಯಲ್ಲಿ ಉಳಿಸಿಕೊಂಡು, ಸ್ಕೂಲಿಗೆ ರಜೆ ಚೀಟಿ ಬರೆದು ಬರೆದು ಸಾಕಾಗಿತ್ತು. 2023ರ ಬೇಸಿಗೆಗೆ ಮುಂಚೆ ಇದೇ 74ನೇ ಬೀದಿಯಲ್ಲಿ ಒಬ್ಬರು ಹೆಂಗಸು ಮಡಚುವ ಮೇಜು ಹಾಕಿಕೊಂಡು, ದೀಪಾವಳಿಗೆ ಶಾಲೆ ರಜೆ ಬೇಕು ಅಂತ ಬೇಡಿಕೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಗಯಾನಾ ದೇಶದವರು, ರಿಚ್‌ಮಂಡ್ ಹಿಲ್‌ನಲ್ಲಿ ಮನೆ. ಅವರ ಮುತ್ತಾತನ ಕಾಲದಲ್ಲೇ ಕಬ್ಬಿನ ತೋಟಕ್ಕೆ ದುಡಿಯಲು ಹಡಗು ಹತ್ತಿ ಹೋದ ಮನೆತನ. ಹಿಂದಿಯೂ ಬರುವುದಿಲ್ಲ, ದೀಪಾವಳಿ ಮಾತ್ರ ಬಿಟ್ಟಿಲ್ಲ. "ಸಹಿ ಹಾಕಿ ಹೋಗಿಬಿಡಬೇಡ, ಗುರುವಾರ ಮೀಟಿಂಗಿಗೆ ಬಾ" ಅಂದರು. ಹೋದೆ. ಆ ವರ್ಷ ಜೂನ್‌ನಲ್ಲಿ ಮಸೂದೆ ಪಾಸಾಯಿತು, ನವೆಂಬರ್‌ನಲ್ಲಿ ಗವರ್ನರ್ ಕ್ಯಾಥಿ ಹೋಕುಲ್ ಸಹಿ ಹಾಕಿದರು. ಅದರ ಹಿಂದೆ ನಿಂತು ದುಡಿದವರು ಕ್ವೀನ್ಸ್‌ನ ಅಸೆಂಬ್ಲಿ ಸದಸ್ಯೆ ಜೆನಿಫರ್ ರಾಜ್‌ಕುಮಾರ್, ಜೊತೆಗೆ ಎಷ್ಟೋ ಸಂಘಟನೆಗಳು. ನಮ್ಮ ಮೇಜಿನಿಂದಲೇ ಆಯಿತು ಅಂತ ನಾನೇನೂ ಹೇಳುವುದಿಲ್ಲ. ಆದರೆ 2024ರ ನವೆಂಬರ್ 1, ಶುಕ್ರವಾರ, ಊರಿನ ಸರ್ಕಾರಿ ಶಾಲೆಗಳೆಲ್ಲ ಮುಚ್ಚಿದ್ದಾಗ ಮಗಳು ಹತ್ತು ಗಂಟೆವರೆಗೆ ಮಲಗಿದ್ದಳು. ಎಣ್ಣೆಸ್ನಾನಕ್ಕೆ ಎಬ್ಬಿಸಲು ಹೋದರೆ "ಅಮ್ಮಾ, ಇವತ್ತು ಹಾಲಿಡೇ" ಅಂತ ನನಗೇ ಹೇಳಿದಳು.

ಕ್ಲಬ್ ಅಂದರೆ ದೊಡ್ಡ ಕಟ್ಟಡ, ಫಲಕ, ಬಾವುಟ ಅಂತ ಊಹಿಸಬೇಡಿ. ಒಂದು ಚರ್ಚಿನ ಬೇಸ್‌ಮೆಂಟನ್ನು ತಿಂಗಳಿಗೊಮ್ಮೆ ಬಾಡಿಗೆಗೆ ಹಿಡಿಯುತ್ತೇವೆ. ಮೂವತ್ತು ಮಡಚುವ ಕುರ್ಚಿ. ಪಿಜ್ಜಾ, ಒಮ್ಮೊಮ್ಮೆ ಸಮೋಸ. ಅರ್ಧಕ್ಕಿಂತ ಜಾಸ್ತಿ ಜನ ರಿಟೈರ್ ಆದವರು. ಹೋದ ತಿಂಗಳ ಮೀಟಿಂಗಿನ ನಡಾವಳಿ ಓದುತ್ತಾರೆ, ಅದರಲ್ಲಿನ ಒಂದು ಪದದ ಮೇಲೆ ಇಪ್ಪತ್ತು ನಿಮಿಷ ಜಗಳ. ಆಮೇಲೆ ಖಜಾಂಚಿ ನಿಂತು ನಮ್ಮ ಹತ್ತಿರ ಎಷ್ಟು ಡಾಲರ್ ಉಳಿದಿದೆ ಅಂತ ಹೇಳುತ್ತಾರೆ. ಕೇಳಿದರೆ ಪಾಪ ಅನಿಸುತ್ತದೆ. ನಮ್ಮೂರ ಹಾಲಿನ ಡೈರಿ ಸೊಸೈಟಿಯ ಸಭೆಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ, ಚಳಿಯೊಂದನ್ನು ಬಿಟ್ಟರೆ.

ಇಂಥ ಕ್ಲಬ್ಬುಗಳು ಸುಮ್ನೆ ಕಾಫಿ ಕುಡಿಯಲು ಹುಟ್ಟಿದ್ದಲ್ಲ. ಒಂದು ಕಾಲಕ್ಕೆ ಮ್ಯಾನ್‌ಹ್ಯಾಟನ್‌ನ ಡೆಮಾಕ್ರಟಿಕ್ ಪಕ್ಷವೆಂದರೆ ಟ್ಯಾಮನಿ ಹಾಲ್ ಅನ್ನುವ ಕೂಟ. ಅದರ ಕೊನೆಯ ದೊಡ್ಡ ಯಜಮಾನ ಕಾರ್ಮೈನ್ ಡಿ ಸಾಪಿಯೊ. ಗ್ರೀನಿಚ್ ವಿಲೇಜ್‌ನ ಒಂದು ಕ್ಲಬ್, ವಿಲೇಜ್ ಇಂಡಿಪೆಂಡೆಂಟ್ ಡೆಮಾಕ್ರಟ್ಸ್, 1961ರಲ್ಲಿ ಅವರನ್ನು ಅವರದೇ ಓಣಿಯ ಡಿಸ್ಟ್ರಿಕ್ಟ್ ಲೀಡರ್, ಅಂದರೆ ಪಕ್ಷದ ಸ್ಥಳೀಯ ಮುಖಂಡನ ಸ್ಥಾನದಲ್ಲಿ ಸೋಲಿಸಿತು. 1963ರಲ್ಲಿ ಅವರು ವಾಪಸ್ ಬರಲು ನೋಡಿದಾಗ ಅದೇ ಕ್ಲಬ್ಬಿನ ಎಡ್ ಕೋಚ್ ಅನ್ನುವ ವಕೀಲ 41 ವೋಟಿನಿಂದ ಗೆದ್ದರು. ಮುಂದೆ ಆ ಕೋಚ್ ಮೂರು ಸಲ ನಗರದ ಮೇಯರ್ ಆದರು. ಡಿಸ್ಟ್ರಿಕ್ಟ್ ಲೀಡರ್ ಹುದ್ದೆಗೆ ಸಂಬಳವೂ ಇಲ್ಲ. ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ಈ 41ರ ಕಥೆಯನ್ನು ಪ್ರತಿ ಮೀಟಿಂಗಿನಲ್ಲೂ ಹೇಳುತ್ತಾರೆ. ನಾವು ಪ್ರತಿ ಸಲವೂ ಹೊಸದಾಗಿ ಕೇಳಿದ ಹಾಗೆ ತಲೆಯಾಡಿಸುತ್ತೇವೆ.

ನನಗೆ ಅದಕ್ಕಿಂತ ಮನಸ್ಸಿಗೆ ನಾಟಿದ್ದು ನಮ್ಮದೇ ಕ್ವೀನ್ಸ್‌ನ 2019ರ ಲೆಕ್ಕ. ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ಡಿಸ್ಟ್ರಿಕ್ಟ್ ಅಟಾರ್ನಿ ಸ್ಥಾನದ ಪ್ರೈಮರಿ. ಮೊದಲ ರಾತ್ರಿ ಟಿಫನಿ ಕಬಾನ್ ಸಾವಿರಕ್ಕೂ ಹೆಚ್ಚು ವೋಟು ಮುಂದಿದ್ದರು. ಅಂಚೆ ವೋಟು ಎಣಿಸಿ, ಆಮೇಲೆ ಕೈಯಿಂದ ಮರುಎಣಿಕೆ ಮಾಡಿ ಮುಗಿಸಿದಾಗ ಮೆಲಿಂಡಾ ಕಾಟ್ಜ್ 60 ವೋಟಿನಿಂದ ಗೆದ್ದಿದ್ದರು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಇರುವ ಬರೋ, ಅಂದರೆ ನಗರದ ಐದು ಭಾಗಗಳಲ್ಲೊಂದು, ಇದು. ಆ ಜಗಳದಲ್ಲಿ ಒಂದಷ್ಟು ಮತಪತ್ರಗಳು ಕೋರ್ಟಿಗೆ ಹೋದವು. ಕಾರಣ, ಲಕೋಟೆಯ ಮೇಲೆ ಪಕ್ಷದ ಹೆಸರು ಬರೆಯುವ ಜಾಗ ಖಾಲಿ ಬಿಟ್ಟಿದ್ದರು. ನನ್ನ ಅಪ್ಪ 1993ರ ಕೊನೆಯಲ್ಲಿ ಗ್ರಾಮ ಪಂಚಾಯಿತಿಗೆ ನಿಂತು ಒಂಬತ್ತು ವೋಟಿನಲ್ಲಿ ಸೋತವರು. ಹೊಲಿಗೆ ಯಂತ್ರದ ಗುರುತು. ಸಾಯುವವರೆಗೂ ಆ ಒಂಬತ್ತು ಜನ ಯಾರಿರಬಹುದು ಅಂತ ಬೆರಳು ಮಡಚಿ ಎಣಿಸುತ್ತಿದ್ದರು. ಹಾಗಾಗಿ ನನಗೆ ಸಣ್ಣ ಸಂಖ್ಯೆ ಅಂದರೆ ಭಯ.

ಫೆಬ್ರವರಿ 2024ರಲ್ಲಿ ಬಾಗಿಲು ಬಡಿಯಲು ಹೋಗಿದ್ದನ್ನೂ ಹೇಳಬೇಕು. ಜಾರ್ಜ್ ಸಾಂಟೋಸ್ ಅವರನ್ನು ಕಾಂಗ್ರೆಸ್‌ನಿಂದ ಹೊರಹಾಕಿದ ಮೇಲೆ ತೆರವಾದ ಕ್ಷೇತ್ರ. ಬಹುಪಾಲು ಲಾಂಗ್ ಐಲ್ಯಾಂಡ್‌ನದ್ದು, ಸ್ವಲ್ಪ ಈಶಾನ್ಯ ಕ್ವೀನ್ಸ್ ಕೂಡ ಸೇರಿತ್ತು. ನಮ್ಮ ಕ್ಷೇತ್ರ ಅಲ್ಲ, ಆದರೂ ಮೂರು ಕಾರಿನಲ್ಲಿ ಗ್ಲೆನ್ ಓಕ್ಸ್ ಕಡೆಗೆ ಹೋದೆವು. ಆ ಕಡೆ ಮಲಯಾಳಿಗಳು, ಪಂಜಾಬಿಗಳು ಜಾಸ್ತಿ. ನನ್ನ ಮುಖ ನೋಡಿ ಬಾಗಿಲು ತೆರೆಯುತ್ತಾರೆ ಅಂತ ನನ್ನನ್ನು ಮುಂದೆ ಬಿಟ್ಟರು. ತೆರೆದರು, ನಿಜ. ಒಂದು ಮನೆಯಲ್ಲಿ ಕೋಟ್ಟಯಂನ ಅಮ್ಮಚ್ಚಿ ಚಹಾ ಕೊಟ್ಟು ಅರ್ಧ ಗಂಟೆ ಮಂಡಿನೋವಿನ ಬಗ್ಗೆ ಮಾತಾಡಿದರು. ಅಭ್ಯರ್ಥಿಯ ಹೆಸರು ಹೇಳುವಷ್ಟರಲ್ಲಿ "ನಾನು ಆಗಲೇ ವೋಟು ಹಾಕಿಬಿಟ್ಟೆ ಮೋಳೆ (ಮಗಳೇ)" ಅಂದರು. ಯಾರಿಗೆ ಅಂತ ನಾನು ಕೇಳಲಿಲ್ಲ. 13ರಂದು, ಚುನಾವಣೆ ದಿನ ಬೆಳಿಗ್ಗೆ, ಚೆನ್ನಾಗಿ ಹಿಮ ಬಿತ್ತು. ನಮ್ಮ ಪಕ್ಷದ ಟಾಮ್ ಸುವಾಜಿ ಗೆದ್ದರು.

ಸರಿ, ಸಹಿ ವಿಷಯಕ್ಕೆ ವಾಪಸ್ ಬರುತ್ತೇನೆ.

2025ರಲ್ಲಿ ಮೇಯರ್ ಚುನಾವಣೆ. ಕ್ಲಬ್ಬಿನಲ್ಲಿ ಯಾರಿಗೆ ಬೆಂಬಲ ಅಂತ ವೋಟು ಹಾಕಿದ ರಾತ್ರಿ ಬೇಸ್‌ಮೆಂಟಿನಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ವರ್ಷವಿಡೀ ಮುಖ ತೋರಿಸದವರೆಲ್ಲ ಬಂದಿದ್ದರು. ಅವರಿಗೆ ವೋಟಿಲ್ಲ, ಇಷ್ಟು ಮೀಟಿಂಗಿಗೆ ಬಂದಿರಬೇಕು ಅಂತ ನಮ್ಮಲ್ಲಿ ನಿಯಮ ಇದೆ. ಯಾರು ಗೆದ್ದರು ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ಆಯ್ಕೆ ಬೇರೆ ಇತ್ತು, ಎರಡು ವಾರ ಮುನಿಸಿಕೊಂಡಿದ್ದೆ. ನಮ್ಮ ಮನೆಯವರು "ಇನ್ನು ಆ ಕ್ಲಬ್ ಬಿಟ್ಟುಬಿಡು" ಅಂದರು. ಅವರು ಹಾಗೆ ಅಂದಿದ್ದಕ್ಕೇ ಬಿಡಲಿಲ್ಲ.

ಒಂದು ಭಾನುವಾರ ಫ್ಲಶಿಂಗ್‌ನ ಬೌನ್ ಸ್ಟ್ರೀಟ್‌ಗೆ ಹೋದೆ. ಅಲ್ಲಿನ ಗಣೇಶನ ದೇವಸ್ಥಾನ ನಿಮಗೆ ಗೊತ್ತಿರಬಹುದು, ಕೆಳಗಡೆ ಕ್ಯಾಂಟೀನಿನ ದೋಸೆಗೆ ಹೆಸರುವಾಸಿ. ದೇವಸ್ಥಾನದ ಒಳಗೆ ಪ್ರಚಾರ ಮಾಡುವಂತಿಲ್ಲ. ಧಾರ್ಮಿಕ ಸಂಸ್ಥೆಗಳು ತೆರಿಗೆ ವಿನಾಯಿತಿ ಪಡೆದಿರುತ್ತವೆ, ಅಭ್ಯರ್ಥಿ ಪರ ನಿಲ್ಲುವ ಹಾಗಿಲ್ಲ. ಹೊರಗಿನ ಫುಟ್‌ಪಾತ್ ಸಾರ್ವಜನಿಕರದ್ದು, ಅಲ್ಲಿ ನಿಂತೆ. ಅದು ನಮ್ಮ ಕೌನ್ಸಿಲ್ ಕ್ಷೇತ್ರ ಅಲ್ಲದ ಕಾರಣ ಇಡೀ ನಗರಕ್ಕೆ ಅನ್ವಯಿಸುವ ಹಾಳೆಯನ್ನು ಮಾತ್ರ ತಂದಿದ್ದೆ. ತುಪ್ಪದ ವಾಸನೆ, ಸಾಂಬಾರಿನ ವಾಸನೆ, ಕನ್ನಡ, ತೆಲುಗು, ತಮಿಳು. ಇಲ್ಲಿ ಒಂದು ಗಂಟೆಗೆ ಐವತ್ತು ಸಹಿ ಆಗುತ್ತೆ ಅಂದುಕೊಂಡಿದ್ದೆ.

ಎರಡು ಗಂಟೆಗೆ ಹದಿಮೂರು ಆಯಿತು.

ಕನ್ನಡ ಕೇಳಿಸಿದರೆ ಓಡಿಹೋಗಿ ನಿಲ್ಲಿಸುತ್ತಿದ್ದೆ. "ನಾವು ಎಡಿಸನ್ ಅಕ್ಕಾ, ನ್ಯೂಜೆರ್ಸಿ." ಮುಂದಿನವರು, "ಗ್ರೀನ್ ಕಾರ್ಡ್ ಕ್ಯೂನಲ್ಲಿದ್ದೀವಿ ಮೇಡಂ, ಹನ್ನೆರಡು ವರ್ಷ ಆಯ್ತು." ಅವರ ಮುಂದಿನವರು, "ಗ್ರೀನ್ ಕಾರ್ಡ್ ಇದೆ, ಸಿಟಿಜನ್ ಅಲ್ಲ." ಒಬ್ಬರು ಸಿಟಿಜನ್ನೇ, ಆದರೆ ಯಾವ ಪಾರ್ಟಿಗೂ ಹೆಸರು ಬರೆಸಿಲ್ಲ. "ಸುಮ್ನೆ ಯಾಕೆ ಬೇಕು ಅಂತ." ಈ ಊರಿನಲ್ಲಿ ಮನೆ ಬಾಡಿಗೆ ಕಟ್ಟಿ, ತೆರಿಗೆ ಕಟ್ಟಿ, ಮಕ್ಕಳನ್ನು ಓದಿಸುತ್ತಿರುವ ಎಷ್ಟು ಜನ ನನ್ನ ಹಸಿರು ಹಾಳೆಯ ಹೊರಗೇ ಇದ್ದಾರೆ ಅಂತ ಅವತ್ತು ಲೆಕ್ಕ ಸಿಕ್ಕಿತು. ಸಿಟಿಜನ್ ಅಲ್ಲದವರಿಗೂ ನಗರದ ಚುನಾವಣೆಯಲ್ಲಿ ವೋಟು ಕೊಡಬೇಕು ಅಂತ ಸಿಟಿ ಕೌನ್ಸಿಲ್ 2021ರಲ್ಲಿ ಕಾನೂನು ಮಾಡಿತ್ತು. ಒಮ್ಮೆಯೂ ಜಾರಿಗೆ ಬರಲಿಲ್ಲ. ನಾವು ಸಹಿಗೆ ಅಲೆಯುತ್ತಿದ್ದಾಗಲೇ, ಮಾರ್ಚ್ 20ರಂದು, ರಾಜ್ಯದ ಅತಿದೊಡ್ಡ ಕೋರ್ಟು ಅದನ್ನು ತಳ್ಳಿಹಾಕಿತು. ಆ ಗ್ರೀನ್ ಕಾರ್ಡ್ ಕ್ಯೂನವರ ಮುಖ ನೆನಪಾಯಿತು. ನಾನೂ 2019ರವರೆಗೆ ಅದೇ ಕಡೆ ನಿಂತಿದ್ದವಳು ಅಲ್ವಾ.

ಆ ಹದಿಮೂರರಲ್ಲಿ ಒಂದು ಸಹಿ ಹಾಸನದ ಕಡೆಯ ಅಜ್ಜಿಯದ್ದು. ಎಂಬತ್ತರ ಹತ್ತಿರ ವಯಸ್ಸು, ಸ್ವೆಟರ್ ಮೇಲೆ ಶಾಲು, ಅದರ ಮೇಲೆ ಕೋಟು. ಮಗನ ಜೊತೆ ಬಂದಿದ್ದರು. ಮಗನಿಗೆ ಅವಸರ, ಅಜ್ಜಿಗೆ ಇಲ್ಲ. "ಏನಮ್ಮ ಅದು, ಎಲ್ಲಿ ಹಾಕಬೇಕು?" ಅಂತ ಕನ್ನಡಕ ಹುಡುಕಿದರು. ಪೂರ್ತಿ ವಿಷಯ ಕೇಳಿಸಿಕೊಂಡರು. ಆಮೇಲೆ ಪೆನ್ನು ತೆಗೆದುಕೊಂಡು ಕನ್ನಡದಲ್ಲಿ ದುಂಡಗೆ ಸಹಿ ಹಾಕಿದರು.

ನಾನು ಗಾಬರಿಯಾದೆ. "ಅಜ್ಜಿ, ಇಂಗ್ಲಿಷಲ್ಲಿ..."

"ನಾನು ವೋಟರ್ ಫಾರಂನಲ್ಲೂ ಹಿಂಗೇ ಹಾಕಿರೋದು. ಪಾಸ್‌ಪೋರ್ಟಲ್ಲೂ ಹಿಂಗೇ. ನನಗೆ ಬರೋದು ಇದೇ."

ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಹೆಸರು, ವಿಳಾಸ ನಾನು ತುಂಬಿದೆ. ಸಹಿ ಮಾತ್ರ ಅವರದೇ ಆಗಿದ್ದರೆ ಸಾಕು, ಉಳಿದದ್ದನ್ನು ಬೇರೆಯವರು ಬರೆಯಬಹುದು.

ಸಹಿ ಹಾಕಿಸಿದರೆ ಮುಗಿಯಲಿಲ್ಲ. ಪ್ರತಿ ಹಾಳೆಯ ಕೆಳಗೆ ಸಾಕ್ಷಿಯ ಹೇಳಿಕೆ ಇರುತ್ತದೆ. ನಾನು ಈ ರಾಜ್ಯದ ಮತದಾರಳು, ಈ ಪಕ್ಷದಲ್ಲಿ ಹೆಸರು ಬರೆಸಿದವಳು, ಇಲ್ಲಿರುವ ಇಷ್ಟು ಸಹಿಗಳನ್ನು ನನ್ನ ಕಣ್ಣೆದುರು ಹಾಕಿದ್ದಾರೆ ಅಂತ ಸಂಖ್ಯೆ ಬರೆದು ಸಹಿ ಮಾಡಬೇಕು. ಕೋರ್ಟಿನಲ್ಲಿ ಪ್ರಮಾಣ ಮಾಡಿದ್ದಕ್ಕೆ ಸಮ. ಹಾಳೆ ಸಲ್ಲಿಸಿದ ಮೂರು ದಿನದೊಳಗೆ ಎದುರಾಳಿಗಳು ಆಕ್ಷೇಪಣೆ ಹಾಕಬಹುದು. ಆಮೇಲೆ ಅವರ ಕಡೆಯವರು ಕೂತು ಒಂದೊಂದು ಸಾಲನ್ನೂ ಬೇಳೆ ಆರಿಸಿದ ಹಾಗೆ ಆರಿಸುತ್ತಾರೆ. ಇವನು ಡೆಮಾಕ್ರಟ್ ಅಲ್ಲ, ಇವಳು ಪಕ್ಕದ ಕ್ಷೇತ್ರದವಳು, ಇವರು ಆಗಲೇ ಬೇರೆಯವರಿಗೆ ಸಹಿ ಹಾಕಿದ್ದಾರೆ. ಹಾಗಾಗಿ ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು ಸಂಗ್ರಹಿಸುವುದು ವಾಡಿಕೆ. ಚುನಾವಣೆಗೆ ನಿಲ್ಲುವ ಮೊದಲೇ ಕೆಲವರ ಚುನಾವಣೆ ಇಲ್ಲೇ ಮುಗಿದುಹೋಗುತ್ತದೆ.

ಸಲ್ಲಿಸುವ ಮುಂಚೆ ನಮ್ಮ ಹಾಳೆಗಳನ್ನು ನಮ್ಮವರೇ ಒಬ್ಬರು ವಕೀಲರು ನೋಡುತ್ತಾರೆ. ಆ ರಾತ್ರಿ ನನ್ನ ಕಟ್ಟಿನಿಂದ ಒಂದು ಹಾಳೆ ಎತ್ತಿ ಪಕ್ಕಕ್ಕಿಟ್ಟರು. ಏನಾಯಿತು ಅಂತ ಕೇಳಿದೆ. ಕೆಳಗೆ ಮೊದಲು 9 ಅಂತ ಬರೆದಿದ್ದೆ. ಸಬ್‌ವೇ ಬಾಗಿಲಲ್ಲಿ ಇನ್ನೊಬ್ಬರು ಸಿಕ್ಕಿ ಸಹಿ ಹಾಕಿದರು ಅಂತ 9ನ್ನು ತಿದ್ದಿ 10 ಮಾಡಿದ್ದೆ. ತಿದ್ದಿದ ಕಡೆ ನನ್ನ ಇನಿಷಿಯಲ್ ಹಾಕಿರಲಿಲ್ಲ. ಅಷ್ಟೇ. ಪೂರ್ತಿ ಹಾಳೆ ಹೋಯಿತು. ಹತ್ತು ಜನ ಚಳಿಯಲ್ಲಿ ನಿಂತು, ಗ್ಲೌಸ್ ಬಿಚ್ಚಿ ಹಾಕಿದ ಸಹಿ. ನಾನು ಒಂದು ಡೆಂಟಲ್ ಕ್ಲಿನಿಕ್ಕಿನ ಲೆಕ್ಕ ಬರೆಯುವವಳು. ತಿದ್ದಿದ ಕಡೆ ಚಿಕ್ಕ ಸಹಿ ಹಾಕಬೇಕು ಅಂತ ಬೇರೆಯವರಿಗೆ ಪಾಠ ಹೇಳುವವಳು. ಅಪ್ಪನ ಒಂಬತ್ತು ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು.

ಅಜ್ಜಿಯ ಹಾಳೆ ಅದಲ್ಲ, ಪುಣ್ಯಕ್ಕೆ. ವಕೀಲರು ಆ ಕನ್ನಡ ಸಹಿಯನ್ನು ಬಲ್ಬಿನ ಕೆಳಗೆ ಹಿಡಿದು ನೋಡಿದರು. ನಾನು ಅಜ್ಜಿ ಹೇಳಿದ್ದನ್ನೇ ಹೇಳಿದೆ. "ರಿಜಿಸ್ಟ್ರೇಷನ್ನಿನಲ್ಲಿ ಇದೇ ಇದೆಯಾ? ಹಾಗಾದರೆ ಇರಲಿ" ಅಂದರು. ಒಂದು ಕ್ಷಣ ಬಿಟ್ಟು, "ಏನು ಚೆಂದದ ಅಕ್ಷರ" ಅಂತಲೂ ಅಂದರು. ಆ ಸಾಲಿನ ಮೇಲೆ ಯಾರೂ ಆಕ್ಷೇಪಣೆ ಹಾಕಲಿಲ್ಲ.

ಏಪ್ರಿಲ್ ಆದ ಮೇಲೆ ಕೆಲಸ ಹಗುರ. ನಗರದ ಪ್ರೈಮರಿಗಳಲ್ಲಿ 2021ರಿಂದ ಒಬ್ಬರಿಗೇ ವೋಟು ಅಂತಿಲ್ಲ, ಐದು ಜನರವರೆಗೆ ಒಂದು, ಎರಡು, ಮೂರು ಅಂತ ಕ್ರಮ ಕೊಡಬಹುದು. ಇದನ್ನು ಜನರಿಗೆ ತಿಳಿಸುವುದು ಕ್ಲಬ್ಬಿನ ಕೆಲಸ. ಪಾರ್ಕಿನಲ್ಲಿ ಐಸ್‌ಕ್ರೀಮ್ ಇಟ್ಟು ಆಟ ಆಡಿಸಿದರು. ನಾನು ನಮ್ಮ ಮನೆಯಲ್ಲಿ ಕನ್ನಡದ ಐದಾರು ಸಂಸಾರ ಕರೆದು ಧಾರವಾಡ ಪೇಡ, ಬೆಳಗಾವಿ ಕುಂದಾ, ಮೈಸೂರು ಪಾಕ್, ಹೋಳಿಗೆ, ಚಿರೋಟಿ ಹೆಸರು ಬರೆದ ಚೀಟಿ ಕೊಟ್ಟೆ. ಮೊದಲ ಸುತ್ತಿನಲ್ಲಿ ಮೈಸೂರು ಪಾಕ್ ಮುಂದೆ. ಕಡಿಮೆ ಬಂದ ಚಿರೋಟಿ ಔಟ್, ಅದನ್ನು ಮೊದಲು ಬರೆದವರ ಎರಡನೇ ಆಯ್ಕೆಗೆ ವೋಟು ಹೋಯಿತು. ಹೀಗೇ ಕಳೆಯುತ್ತಾ ಬಂದರೆ ಕೊನೆಗೆ ಗೆದ್ದಿದ್ದು ಹೋಳಿಗೆ. ಅದನ್ನು ಮೊದಲು ಬರೆಯದವರಿಗೆಲ್ಲ ಎರಡನೆಯದೋ ಮೂರನೆಯದೋ ಆಗಿತ್ತು ಅದು. ಹುಬ್ಬಳ್ಳಿಯವರೊಬ್ಬರು "ಇದು ಮೋಸ ಐತ್ರಿ, ಪೇಡಾಕ್ಕ ಮರುಎಣಿಕೆ ಮಾಡ್ರಿ" ಅಂತ ಪಟ್ಟು ಹಿಡಿದರು. ಮಾಡಿದೆವು. ಹೋಳಿಗೆಯೇ.

ಪ್ರೈಮರಿ ದಿನ, ಜೂನ್ 24. ಪೆನ್ನು ಹೆಪ್ಪುಗಟ್ಟಿದ ಊರೇ ಇದು ಅಂದರೆ ನಂಬಲು ಆಗುತ್ತಿರಲಿಲ್ಲ. ಕೆನಡಿ ವಿಮಾನ ನಿಲ್ದಾಣದ ಹತ್ತಿರ ಬಿಸಿಲು 102 ಡಿಗ್ರಿ ಫ್ಯಾರನ್‌ಹೀಟ್. ಮತಗಟ್ಟೆಯಿಂದ 100 ಅಡಿ ಒಳಗೆ ಪ್ರಚಾರ ಮಾಡುವಂತಿಲ್ಲ, ಅಲ್ಲಿಗೊಂದು ಗುರುತು ಇರುತ್ತದೆ. ನೆರಳೆಲ್ಲ ಆ ಗುರುತಿನ ಒಳಗೇ ಇತ್ತು. ಮಜ್ಜಿಗೆ ಬಾಟಲಿ ಹಿಡಿದು ಬಿಸಿಲಿನಲ್ಲಿ ನಿಂತು ಚೀಟಿ ಹಂಚಿದೆ. ಎದುರು ಪಾಳೆಯದ ಹುಡುಗನಿಗೂ ಅರ್ಧ ಬಾಟಲಿ ಕೊಟ್ಟೆ. ಅವತ್ತು ರಾತ್ರಿಯೇ ಝೊಹ್ರಾನ್ ಮಮ್ದಾನಿ ಗೆದ್ದ ಹಾಗೆ ಕಂಡಿತು. ವಾರದ ಮೇಲೆ ಸುತ್ತುಗಳ ಲೆಕ್ಕ ಬಂದಾಗ ಮಾಜಿ ಗವರ್ನರ್ ಆಂಡ್ರೂ ಕ್ಯುಮೊ ವಿರುದ್ಧ 56ಕ್ಕೆ 44 ಶೇಕಡಾ. ನವೆಂಬರ್‌ನಲ್ಲೂ ಗೆದ್ದು ಈಗ ಮೇಯರ್ ಆಗಿದ್ದಾರೆ. ಆ ದೊಡ್ಡ ಕಥೆ ನೀವೆಲ್ಲ ಓದಿದ್ದೀರಿ, ನಾನು ಮತ್ತೆ ಹೇಳುವುದಿಲ್ಲ.

ಅಂದ ಹಾಗೆ ನಾನೂ ಒಂದು ಚುನಾವಣೆ ಗೆದ್ದವಳು. 2024ರಲ್ಲಿ ಕೌಂಟಿ ಕಮಿಟಿ, ಅಂದರೆ ಪಕ್ಷದ ಜಿಲ್ಲಾ ಸಮಿತಿಯ ಸದಸ್ಯೆಯಾದೆ. ನನ್ನ ಕ್ಷೇತ್ರ ಅಂದರೆ ನಮ್ಮ ಅಪಾರ್ಟ್‌ಮೆಂಟು, ಎದುರಿನ ಲಾಂಡ್ರಿ, ಇನ್ನೊಂದಷ್ಟು ಮನೆಗಳು, ಕೆಲವೇ ಬ್ಲಾಕುಗಳು. ಎದುರಾಳಿ ಇಲ್ಲದ ಕಾರಣ ನನ್ನ ಹೆಸರು ಮತಪತ್ರದಲ್ಲೇ ಬರಲಿಲ್ಲ. ಒಂದೂ ವೋಟು ಬೀಳದೆ ಗೆದ್ದೆ. ಅಪ್ಪ ಇದ್ದಿದ್ದರೆ ಫೋನು ಮಾಡಿ ಹೇಳುತ್ತಿದ್ದೆ.

ಈ ವರ್ಷ, 2026ರಲ್ಲಿ, ಕಾಂಗ್ರೆಸ್, ಸ್ಟೇಟ್ ಸೆನೆಟ್, ಅಸೆಂಬ್ಲಿ ಎಲ್ಲದಕ್ಕೂ ಪ್ರೈಮರಿ. ಫೆಬ್ರವರಿ ಕೊನೆಗೆ ಹಸಿರು ಹಾಳೆ ಮತ್ತೆ ಕೈಗೆ ಬರುತ್ತದೆ. ಚಳಿಗೂ ಬರೆಯುವ ಜೆಲ್ ಪೆನ್ನು ಒಂದು ಡಜನ್ ತಂದಿಟ್ಟಿದ್ದೇನೆ. ಮೊನ್ನೆ ದೇವಸ್ಥಾನದ ಕ್ಯಾಂಟೀನಿನಲ್ಲಿ ಹಾಸನದ ಅಜ್ಜಿ ಸಿಕ್ಕಿದ್ದರು. ಅವರ ಕ್ಷೇತ್ರ ಬೇರೆ, ಈ ಸಲ ನನ್ನ ಹಾಳೆಗೆ ಅವರ ಸಹಿ ಬರುವುದಿಲ್ಲ. ಅದನ್ನು ಹೇಳಿದೆ. ಕಳೆದುಹೋದ ಹಾಳೆಯ ಕಥೆಯನ್ನೂ ಹೇಳಿದೆ. ದೋಸೆ ಮುರಿಯುತ್ತಾ ಕೇಳಿಸಿಕೊಂಡರು.

"ಮೊದಲೇ ಯಾಕೆ ಲೆಕ್ಕ ಬರೆಯಕ್ಕೆ ಹೋದೆ?" ಅಂದರು. "ಎಲ್ಲಾ ಮುಗಿದ ಮೇಲೆ ಮನೆಗೆ ಹೋಗಿ ಎಣಿಸಬೇಕಮ್ಮ."